ಬ್ಯಾಂಡಿಕೂಟ್ ಹೆಗ್ಗಣವಲ್ಲ

ಆಸ್ಟ್ರೇಲಿಯಾದ ಪ್ರಾಣಿ ಸುದ್ದಿ ಕನ್ನಡಕ್ಕೆ ಬಂದಾಗ ಬ್ಯಾಂಡಿಕೂಟ್ ಎಷ್ಟೋ ಸಲ 'ಹೆಗ್ಗಣ'ವಾಗಿಬಿಡುತ್ತದೆ. 'ಅಳಿವಿನಂಚಿನ ಹೆಗ್ಗಣಗಳ ರಕ್ಷಣೆ' ಎಂದು ಓದಿದ ಸಿಂಧನೂರಿನ ಭತ್ತದ ರೈತ, "ಬೇಕಾದ್ರ ನಮ್ಮ ಬದುವಿನ್ಯಾಗಿನವನ್ನೂ ಒಯ್ಯಿರಿ" ಅಂದಾನು.

ತಪ್ಪಿನ ಬೇರು ನಮ್ಮ ನೆರೆಯಲ್ಲೇ ಇದೆ. ಬಳ್ಳಾರಿ, ರಾಯಚೂರು ಕಡೆ ತೆಲುಗು ಕೇಳಿ ಬೆಳೆದವರಿಗೆ 'ಪಂದಿಕೊಕ್ಕು' ಹೊಸ ಮಾತಲ್ಲ. ಪಂದಿ ಅಂದರೆ ಹಂದಿ; ಹಳಗನ್ನಡದಲ್ಲೂ ಅದು ಪಂದಿಯೇ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ನಮ್ಮಲ್ಲಿ ಪಕಾರ ಹಕಾರಕ್ಕೆ ತಿರುಗಿತು, ತೆಲುಗಿನಲ್ಲಿ ಹಾಗೇ ಉಳಿಯಿತು. ಕೊಕ್ಕು ಇಲ್ಲಿ ಹಕ್ಕಿಯದಲ್ಲ, ಇಲಿಯ ಹೆಸರು. ಕೂಡಿಸಿದರೆ ಹಂದಿ-ಇಲಿ. ಇದನ್ನೇ ಇಂಗ್ಲಿಷರು ಬ್ಯಾಂಡಿಕೂಟ್ ಮಾಡಿಕೊಂಡರು. ಅಲ್ಲಿಯವರೆಗೆ ತಕರಾರಿಲ್ಲ, ಅದು ಹೆಗ್ಗಣವೇ. ಆಮೇಲೆ ಆಸ್ಟ್ರೇಲಿಯಾದಲ್ಲಿ ನೆಲ ಕೆದರುವ, ಉದ್ದ ಮೂತಿಯ ಬೇರೊಂದು ಪ್ರಾಣಿಗೂ ಅದೇ ಹೆಸರು ಅಂಟಿಸಿದರು. ಹಡಗು ಹತ್ತಿದ್ದು ಹೆಸರು ಮಾತ್ರ, ಹೆಗ್ಗಣವಲ್ಲ. ಅನುಮಾನವಿದ್ದರೆ ಬಾಯಿ ನೋಡಿ: ಹೆಗ್ಗಣಕ್ಕೆ ಮೇಲೆ ಉಳಿಯಂಥ ಎರಡೇ ಬಾಚಿಹಲ್ಲು, ಬ್ಯಾಂಡಿಕೂಟಿಗೆ ನಾಲ್ಕೈದು ಜೊತೆ ಸಣ್ಣ ಹಲ್ಲು.

ಬ್ಯಾಂಡಿಕೂಟ್, ಕಾಂಗರೂವಿನಂತೆ ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟು ಬೆಳೆಸುವ 'ಹೊಟ್ಟೆಚೀಲದ ಪ್ರಾಣಿ'. ಈ 'ಚೀಲ'ವೂ ನನಗೆ ಒಗ್ಗದು. ಚೀಲ ಮೈಯಿಂದ ಬೇರೆಯಾದ ವಸ್ತು. ಇದು ಮೈತೊಗಲಿನದೇ ಮಡಿಕೆ. ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಉಟ್ಟ ಸೀರೆಯನ್ನೇ ಎತ್ತಿ ಕಟ್ಟಿಕೊಳ್ಳುವ ಉಡಿ ಇದಕ್ಕೆ ಹತ್ತಿರ. ಉಡಿ ತುಂಬುವ ಸೀಮೆಯವರು ಚೀಲ ಹುಡುಕುವುದೇಕೆ? ಒಂದೇ ವ್ಯತ್ಯಾಸ, ಬ್ಯಾಂಡಿಕೂಟಿನ ಉಡಿಯ ಬಾಯಿ ಹಿಂದಕ್ಕಿದೆ. ಮುಂಗಾಲಲ್ಲಿ ನೆಲ ಕೆದರುವಾಗ ಮಣ್ಣು ಒಳಗೆ ತುಂಬಿಕೊಳ್ಳುವುದಿಲ್ಲ.

ಉತ್ತರದ ಕಂದು ಬ್ಯಾಂಡಿಕೂಟ್ ಗರ್ಭ ಹೊರುವುದು ಸುಮಾರು 12.5 ದಿನ, ಸಸ್ತನಿಗಳ ಅತಿ ಕಡಿಮೆ ಗರ್ಭಾವಧಿಗಳಲ್ಲೊಂದು. 'ಹನ್ನೆರಡೇ ದಿನಕ್ಕೆ ಮರಿ' ಎಂದು ಬರೆದು ಕೈತೊಳೆದುಕೊಳ್ಳುವವರು ಮುಖ್ಯ ಮಾತನ್ನೇ ಬಿಟ್ಟಿರುತ್ತಾರೆ. ಆಗ ಹೊರಬರುವುದು ಕಾಲು ಗ್ರಾಮಿನಷ್ಟೂ ತೂಗದ, ಕಣ್ಣು ತೆರೆಯದ ಜೀವ. ಹೊಕ್ಕುಳಬಳ್ಳಿ ಕಡಿಯುವ ಮೊದಲೇ ತೆವಳಿ ಉಡಿ ಸೇರಿ ಮೊಲೆ ಕಚ್ಚುತ್ತದೆ. ನಿಜವಾದ ಬೆಳವಣಿಗೆ ಅಲ್ಲಿಯೇ, 50 ದಿನಗಳ ಆಸುಪಾಸು. ಸುಮಾರು 60 ದಿನಕ್ಕೆ ಹಾಲು ಬಿಡುತ್ತದೆ.

ಮೊಲೆಗಳು ಎಂಟು, ಮರಿಗಳು ಸಾಮಾನ್ಯವಾಗಿ 2ರಿಂದ 4. ಲೆಕ್ಕ ತಪ್ಪಿಲ್ಲ. ಹಿಂದಿನ ಸೂಲಿನ ಮರಿಗಳು ಚೀಪಿ ಉದ್ದವಾದ ಮೊಲೆ ಹೊಸ ಮರಿಯ ಬಾಯಿಗೆ ಹಿಡಿಸುವುದಿಲ್ಲ; ಅವು ಬಳಸದೆ ಉಳಿದ ಸಣ್ಣ ಮೊಲೆಗಳನ್ನು ಕಚ್ಚುತ್ತವೆ. ಹೀಗಾಗಿ ಒಂದು ಸೂಲು ಹಾಲು ಬಿಡುವ ಹೊತ್ತಿಗೆ ಇನ್ನೊಂದು ಹುಟ್ಟಿದರೂ ತೊಂದರೆಯಿಲ್ಲ. ಇಷ್ಟು ಅವಸರ ಯಾಕೆಂದರೆ ಕಾಡಿನಲ್ಲಿ ಸಿಗುವ ಆಯಸ್ಸು ಎರಡು-ಮೂರು ವರ್ಷ. ಹೆಣ್ಣು ನಾಲ್ಕು ತಿಂಗಳ ಸುಮಾರಿಗೇ ಮರಿ ಹಾಕಲು ಸಿದ್ಧ.

ಮ್ಯಾನ್‌ಹೋಲ್ ತೊಳೆಯುವ ರೋಬೋಗೆ ಕೇರಳದವರು ಬ್ಯಾಂಡಿಕೂಟ್ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಧಾರಾಳವಾಗಿ ಹೆಗ್ಗಣ ಅನ್ನಿ.