ಪದ ಪರಿಚಯ: ಹಿಚ್‌ಹೈಕರ್ ನಕ್ಷತ್ರಮೀನು

ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ) ಇಟ್ಟವರ ಬಾಯಲ್ಲಿ ‘ಹಿಚ್‌ಹೈಕರ್’ ಅಂದರೆ, ನಾವು ಕೊಳ್ಳದಿದ್ದರೂ ಕೊಂಡ ಸಾಮಾನಿನ ಜೊತೆ ಟ್ಯಾಂಕಿಗೆ ಸೇರಿಕೊಂಡ ಜೀವಿ. ಲೈವ್ ರಾಕ್‌ನ (ಸಣ್ಣ ಜೀವಿಗಳು ನೆಲೆಸಿರುವ ಸಮುದ್ರದ ಕಲ್ಲು) ತೂತಿನಲ್ಲಿ, ಹವಳದ ತುಂಡು ಅಂಟಿಸಿದ ಬಿಲ್ಲೆಯ ಅಡಿಯಲ್ಲಿ, ಪಾಚಿಯ ಗೊಂಚಲಿನಲ್ಲಿ ಇವು ಅಡಗಿ ಬರುತ್ತವೆ. ಹುಳು ಬರಬಹುದು, ಏಡಿ ಬರಬಹುದು. ನಕ್ಷತ್ರಮೀನು ಬಂದರೆ ಅದು ಹಿಚ್‌ಹೈಕರ್ ನಕ್ಷತ್ರಮೀನು. ಸ್ವಭಾವದಲ್ಲಿ ತೀರಾ ಬೇರೆ ಬೇರೆಯಾದ ಹಲವು ಪ್ರಾಣಿಗಳಿಗೆ ಈ ಒಂದೇ ಹೆಸರು ಸಲ್ಲುತ್ತದೆ. ತೊಂದರೆ ಶುರುವಾಗುವುದೂ ಇಲ್ಲಿಂದಲೇ.

ನಮ್ಮ ಮಂಗಳೂರಲ್ಲಿ ಹೊಸದಾಗಿ ಟ್ಯಾಂಕ್ ಇಟ್ಟವರು ಗಾಜಿನ ಮೇಲಿನ ಬಿಳಿ ಚುಕ್ಕಿಯ ಫೋಟೋ ಕಳಿಸಿ ಕೇಳುವುದು ಒಂದೇ ಪ್ರಶ್ನೆ: “ಇದೆಂತ ಮಾರಾಯ್ರೆ? ತೆಗೆದು ಬಿಸಾಡುವುದಾ?” ನಾನು ಪ್ರತಿ ಸಲವೂ ಹೇಳುವುದು ಇಷ್ಟೆ: ಸ್ವಲ್ಪ ತಡೆಯಿರಿ. ಅದು ಏನು ತಿನ್ನುತ್ತಿದೆ ಅಂತ ಮೊದಲು ನೋಡಿ. ಬಣ್ಣ ನೋಡಿ ಹೆಸರಿಡಬೇಡಿ. ಒಂದೇ ಜಾತಿಯಲ್ಲಿ ಹತ್ತು ಬಣ್ಣ ಇರುತ್ತದೆ.

ಹೀಗೆ ಬರುವವುಗಳಲ್ಲಿ ಅತಿ ಸಾಮಾನ್ಯವಾದದ್ದು ಆಸ್ಟೆರಿನಾ. ಹೆಚ್ಚೆಂದರೆ ಒಂದು, ಒಂದೂವರೆ ಸೆಂಟಿಮೀಟರ್ ಅಗಲ. ಬಿಳಿ, ಬೂದಿ ಅಥವಾ ತೆಳು ನೀಲಿ ಬಣ್ಣ. ಕೈಗಳು ಐದೇ ಇರಬೇಕು ಅಂತಿಲ್ಲ, ನಾಲ್ಕು, ಆರು, ಏಳೂ ಇರಬಹುದು. ಅದಕ್ಕಿಂತ ದೊಡ್ಡ ಗುರುತು ಅಂದರೆ ಕೈಗಳ ಅಳತೆಯೇ ಸರಿ ಇರುವುದಿಲ್ಲ. ಎರಡು ಮೂರು ಉದ್ದ, ಉಳಿದವು ಮೊಂಡು. ಯಾವುದೋ ಮೀನು ಕಚ್ಚಿದೆ ಅಂತ ಜನ ಗಾಬರಿಯಾಗುತ್ತಾರೆ. ಹಾಗೇನೂ ಆಗಿರುವುದಿಲ್ಲ. ಈ ಪ್ರಾಣಿ ತಾನಾಗಿಯೇ ನಡುವಿನಲ್ಲಿ ಎರಡಾಗಿ ಸೀಳಿಕೊಳ್ಳುತ್ತದೆ. ಪ್ರತಿ ಅರ್ಧವೂ ಇಲ್ಲದ ಕೈಗಳನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ಸಂತಾನಕ್ಕೆ ಗಂಡು ಹೆಣ್ಣು ಜೋಡಿ ಬೇಕೆಂದಿಲ್ಲ, ಒಂದೇ ಸಾಕು. ಆಸ್ಟೆರಿನಾ ಅನ್ನುವುದು ಈಗ ರೂಢಿಯ ಹೆಸರು ಮಾತ್ರ. ನಮ್ಮ ಟ್ಯಾಂಕುಗಳಿಗೆ ಬರುವ ಹೆಚ್ಚಿನವು ಅಕ್ವಿಲೊನಾಸ್ಟ್ರಾ ಅನ್ನುವ ಕುಲಕ್ಕೆ ಸೇರಿದವು. ಆ ಕುಲವನ್ನು ಬೇರೆಯಾಗಿ ಗುರುತಿಸಿದ್ದು 2004ರಲ್ಲಿ.

ಇದನ್ನು ನೋಡಲು ಒಳ್ಳೆಯ ಹೊತ್ತು ರಾತ್ರಿ. ಲೈಟ್ ಆರಿ ಒಂದು ಗಂಟೆಯಾದ ಮೇಲೆ ಟಾರ್ಚ್‌ಗೆ ಕೆಂಪು ಕಾಗದ ಸುತ್ತಿ ಗಾಜಿನ ಹತ್ತಿರ ಹಿಡಿಯಿರಿ. ಗಾಜಿಗೆ ಅಂಟಿದ ನಕ್ಷತ್ರಮೀನು ತನ್ನ ಹೊಟ್ಟೆಯನ್ನೇ ನಮಗೆ ತೋರಿಸುತ್ತಿರುತ್ತದೆ. ನಡುವಿನಲ್ಲಿ ಬಾಯಿ. ಬಾಯಿಂದ ಪ್ರತಿ ಕೈಯ ತುದಿಯವರೆಗೆ ಒಂದೊಂದು ಗೀರು. ಆ ಗೀರಿನ ಎರಡೂ ಬದಿಗೆ ಕೂದಲಿಗಿಂತ ಸ್ವಲ್ಪ ದಪ್ಪದ, ಪಾರದರ್ಶಕವಾದ ಪುಟ್ಟ ಕೊಳವೆ ಕಾಲುಗಳು. ಒಂದೊಂದೂ ಚಾಚಿ, ಅಂಟಿ, ಎಳೆದು, ಬಿಡುತ್ತದೆ. ಅದೃಷ್ಟವಿದ್ದರೆ ಬಾಯಿಂದ ಹೊರಬಂದ ಜಠರವೂ ಕಾಣುತ್ತದೆ. ನೀರ್‌ದೋಸೆಯ ಹಾಗೆ ತೆಳ್ಳಗೆ ಗಾಜಿನ ಮೇಲೆ ಹರಡಿಕೊಂಡಿರುತ್ತದೆ. ಈ ನಕ್ಷತ್ರಮೀನು ಆಹಾರವನ್ನು ಒಳಗೆ ಎಳೆದುಕೊಳ್ಳುವ ಬದಲು ಜಠರವನ್ನೇ ಹೊರಗೆ ತಂದು ಅಲ್ಲೇ ಕರಗಿಸುತ್ತದೆ. ಅದು ಮುಂದೆ ಸರಿದ ಮೇಲೆ ಆ ಜಾಗದ ಪಾಚಿ ಹೋಗಿ ಗಾಜು ಸ್ವಚ್ಛವಾಗಿರುತ್ತದೆ. ಇಷ್ಟು ಕಂಡರೆ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಸಿಕ್ಕಿತು: ಅದು ಪಾಚಿಯ ಪದರ ತಿನ್ನುತ್ತಿದೆ, ಇರಲಿ ಬಿಡಿ.

ಕಲ್ಲಿನ ಮೇಲಿನ ನೇರಳೆ ಬಣ್ಣದ ಕೊರಲೈನ್ ಪಾಚಿಯಲ್ಲಿ ಬಿಳಿ ಮಚ್ಚೆ ಬಿದ್ದಿದ್ದರೆ ಅದನ್ನೂ ತಿನ್ನುತ್ತಿದೆ ಅಂತ ಅರ್ಥ. ನೋಡಲು ಬೇಸರವಾದರೂ ಅಪಾಯ ಇಲ್ಲ. ತಗಾದೆ ಇರುವುದು ಹೂವಿನಂಥ ಸಣ್ಣ ಜೀವಿಗಳ ಗುಂಪಾಗಿ ಬೆಳೆಯುವ ಜೊವಾಂಥಿಡ್ ಹವಳಗಳ ವಿಷಯದಲ್ಲಿ. ಕೆಲವು ಆಸ್ಟೆರಿನಾಗಳು ಅವನ್ನು ತಿನ್ನುತ್ತವೆ ಅನ್ನುವ ದೂರು ಹಳೆಯದು. ಆದರೆ ಮೇಲೆ ಏನೇ ಹರಿದಾಡಿದರೂ ಜೊವಾಂಥಿಡ್ ಮುಚ್ಚಿಕೊಳ್ಳುತ್ತದೆ. ಮೊದಲೇ ಸಾಯುತ್ತಿರುವ ಹವಳದ ಮೇಲೆ ಕೊಳೆತದ್ದನ್ನು ತಿನ್ನಲು ನಕ್ಷತ್ರಮೀನು ಬಂದು ಕೂರುವುದೂ ಉಂಟು. ಮುಚ್ಚಿದ ಹವಳದ ಮೇಲೆ ಒಮ್ಮೆ ಕಂಡ ಮಾತ್ರಕ್ಕೆ ತೀರ್ಪು ಕೊಡಬಾರದು. ಟ್ಯಾಂಕಿನ ಒಳಗೇ ತೂತಿನ ಪ್ಲಾಸ್ಟಿಕ್ ಪೆಟ್ಟಿಗೆ ಇಟ್ಟು, ಅದರಲ್ಲಿ ಒಂದು ಆರೋಗ್ಯವಾದ ತುಂಡನ್ನೂ ಒಂದು ನಕ್ಷತ್ರಮೀನನ್ನೂ ಕೆಲವು ದಿನ ಬಿಡಿ. ಪಾಲಿಪ್ (ಹವಳದ ಆ ಹೂವಿನಂಥ ಜೀವಿ) ಕರಗಿ ಹೋದರೆ ಆಗ ತೆಗೆಯಲು ಕಾರಣ ಇದೆ.

ಇನ್ನೊಂದು ಗುಂಪು ಬ್ರಿಟಲ್ ಸ್ಟಾರ್. ಇದನ್ನು ಗುರುತಿಸುವುದು ಸುಲಭ. ನಡುವಿನ ಬಿಲ್ಲೆಯೇ ಬೇರೆ, ಅದಕ್ಕೆ ಸಿಕ್ಕಿಸಿದ ತೆಳ್ಳಗಿನ ಕೈಗಳೇ ಬೇರೆ ಅನ್ನುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆಸ್ಟೆರಿನಾ ಕೊಳವೆ ಕಾಲಿನ ಮೇಲೆ ನಿಧಾನ ಜಾರುತ್ತದೆ, ಇದು ಕೈಗಳನ್ನೇ ಬೀಸಿ ಓಡುತ್ತದೆ. ಸಣ್ಣವು ಕಲ್ಲಿನ ಸಂದಿಯಿಂದ ಕೈ ಮಾತ್ರ ಹೊರಗೆ ಚಾಚಿ ಉಳಿದ ಆಹಾರ ಹೆಕ್ಕುತ್ತವೆ. ನನ್ನ ಮಟ್ಟಿಗೆ ಟ್ಯಾಂಕಿಗೆ ಸಿಗುವ ಅತ್ಯುತ್ತಮ ಕೆಲಸದಾಳು ಇದೇ. ಇದರ ಸಂಬಂಧಿಯಾದ ದೊಡ್ಡ ಹಸಿರು ಬ್ರಿಟಲ್ ಸ್ಟಾರ್ ಮಾತ್ರ ರಾತ್ರಿ ಮಲಗಿದ ಮೀನನ್ನೇ ಹಿಡಿಯುತ್ತದೆ. ಅದಕ್ಕೆ ರೀಫ್ ಟ್ಯಾಂಕಿನಲ್ಲಿ ಜಾಗ ಬೇಡ.

ಅಪರೂಪಕ್ಕೆ ಲಿಂಕಿಯಾ ಬರುತ್ತದೆ. ಒಂದು ಕೈ ಮಾತ್ರ ತುಂಬಾ ಉದ್ದ, ಅದರ ಬುಡದಲ್ಲಿ ಮೊಗ್ಗಿನಷ್ಟು ಸಣ್ಣ ನಾಲ್ಕು ಕೈ. ಧೂಮಕೇತುವಿನ ಆಕಾರ. ತಾಯಿ ಬಿಟ್ಟುಕೊಟ್ಟ ಒಂದು ಕೈಯಿಂದ ಇಡೀ ಪ್ರಾಣಿ ಬೆಳೆಯುತ್ತಿರುವ ಹಂತ ಅದು. ಸಿಕ್ಕಿದರೆ ಚೆನ್ನಾಗಿ ನೋಡಿಕೊಳ್ಳಿ. ಕಲ್ಲಿನ ಮೇಲಿನ ಪದರವೇ ಇದರ ಮುಖ್ಯ ಊಟ. ಹಾಗಾಗಿ ಹೊಸ ಟ್ಯಾಂಕಿನಲ್ಲಿ ಹಸಿವಿನಿಂದ ಸೊರಗಿ ಸಾಯುತ್ತದೆ.

ಮಲ್ಪೆಯಲ್ಲಿ ಕೈರಂಪಣಿ ಬಲೆ ಎಳೆದ ಮೇಲೆ ಮರಳಲ್ಲಿ ಉಳಿಯುವ, ಅಂಚಿನಲ್ಲಿ ಮುಳ್ಳಿನ ಸಾಲಿರುವ ನಕ್ಷತ್ರಮೀನನ್ನು ಮಕ್ಕಳು ಬಾಟಲಿಯಲ್ಲಿ ತರುತ್ತಾರಲ್ವಾ? ಅದು ಹಿಚ್‌ಹೈಕರ್ ಅಲ್ಲ, ಮರಳಲ್ಲಿ ಹೂತು ಬದುಕುವ ಆಸ್ಟ್ರೊಪೆಕ್ಟೆನ್. ಸಣ್ಣ ಚಿಪ್ಪುಜೀವಿಗಳನ್ನು ಇಡಿಯಾಗಿ ನುಂಗುತ್ತದೆ. ಮನೆಯ ಟ್ಯಾಂಕಿನ ಮರಳಲ್ಲಿ ಅದಕ್ಕೆ ಹೊಟ್ಟೆ ತುಂಬುವುದಿಲ್ಲ. ಅಲ್ಲೇ ನೀರಿಗೆ ಬಿಡಿಸಿ. ಹವಳವಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಸೇಂಟ್ ಮೇರೀಸ್ ದ್ವೀಪಕ್ಕೋ ನೇತ್ರಾಣಿಗೋ ಹೋದವರು ಹವಳ ಅಂಟಿದ ಕಲ್ಲು ತರಲೇಬಾರದು.

ಇನ್ನು ಆರೈಕೆ. ಯಾವ ಜಾತಿ ಅಂತ ಗೊತ್ತಾಗದಿದ್ದರೂ ಒಂದು ಮಾತು ಎಲ್ಲ ನಕ್ಷತ್ರಮೀನಿಗೂ ಸಲ್ಲುತ್ತದೆ: ನೀರಿನ ಉಪ್ಪು ಏರುಪೇರಾಗಬಾರದು. ಇವುಗಳಲ್ಲಿ ರಕ್ತ ಇಲ್ಲ. ಒಳಗಿನ ಕೊಳವೆಗಳಲ್ಲಿ ಓಡುವುದು ಹೆಚ್ಚುಕಡಿಮೆ ಸಮುದ್ರದ ನೀರೇ. ಹೊರಗಿನ ಉಪ್ಪು ಬದಲಾದರೆ ಒಳಗಿನದೂ ಬದಲಾಗುತ್ತದೆ, ತಡೆಯುವ ಉಪಾಯ ಅದಕ್ಕಿಲ್ಲ. ಸಾಂದ್ರತೆ 1.025ರ ಆಸುಪಾಸು, ಅಂದರೆ ಒಂದು ಕೆಜಿ ನೀರಿಗೆ ಸುಮಾರು 35 ಗ್ರಾಂ ಉಪ್ಪು ಇರಬೇಕು. ಉಷ್ಣತೆ 24ರಿಂದ 27 ಡಿಗ್ರಿ ಸಾಕು. ಹೊಸ ನೀರಿಗೆ ಹೊಂದಿಸುವಾಗ ಸಣ್ಣ ಪೈಪಿನಿಂದ ಹನಿ ಹನಿಯಾಗಿ, ಎರಡು ಗಂಟೆಯಾದರೂ ಬಿಡಿ. ಹವಳದ ಕೀಟ ಹೋಗಲಿ ಅಂತ ಸಿಹಿನೀರಿನಲ್ಲಿ ಅದ್ದಿದರೆ ಜೊತೆಗಿದ್ದ ನಕ್ಷತ್ರಮೀನು ಸಾಯುತ್ತದೆ. ತಾಮ್ರ ಇರುವ ಮೀನಿನ ಔಷಧಿಯೂ ಅಷ್ಟೇ.

ಕರಾವಳಿಯವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. ಸಮುದ್ರ ಹತ್ತಿರವಿದೆ ಅಂತ ಕ್ಯಾನ್ ಹಿಡಿದು ಪಣಂಬೂರಿಗೋ ತಣ್ಣೀರುಬಾವಿಗೋ ಹೋಗಿ ನೀರು ತುಂಬಿಸುವ ಅಭ್ಯಾಸ ಕೆಲವರಿಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ನೀರನ್ನು ನಂಬಬೇಡಿ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಮಳೆನೀರನ್ನು ತಂದು ಸಮುದ್ರಕ್ಕೆ ಸುರಿಯುವ ಕಾಲ ಅದು. ದಡದ ಹತ್ತಿರ ನೀರು ಕೆಸರಾಗಿರುತ್ತದೆ, ಉಪ್ಪೂ ಕಡಿಮೆ. ಬಾಯಿಗೆ ಹಾಕಿದರೆ ಉಪ್ಪೇ ಅನಿಸುತ್ತದೆ, ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಬೇರೆ ಕಥೆ ಹೇಳುತ್ತದೆ. ಆ ತಿಂಗಳುಗಳಲ್ಲಿ ಆರ್‌ಒ ನೀರಿಗೆ ರೀಫ್ ಉಪ್ಪು ಬೆರೆಸುವುದೇ ಸರಿ. ಏಪ್ರಿಲ್, ಮೇ ಸೆಕೆಯಲ್ಲಿ ಇದರ ಉಲ್ಟಾ ಆಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಹಾಗಾಗಿ ಇಳಿದ ಮಟ್ಟಕ್ಕೆ ಆರ್‌ಒ ನೀರು ಮಾತ್ರ ಸೇರಿಸಿ, ಅದನ್ನೂ ದಿನ ದಿನ ಸ್ವಲ್ಪ ಸ್ವಲ್ಪ.

ಆಸ್ಟೆರಿನಾಗೆ ಬೇರೆ ಊಟ ಹಾಕುವ ಅಗತ್ಯವೇ ಇಲ್ಲ. ಮಗುಚಿ ಬಿದ್ದ ಆರೋಗ್ಯವಂತ ನಕ್ಷತ್ರಮೀನು ಕೈ ತಿರುಚಿ ತಾನೇ ನೆಟ್ಟಗಾಗುತ್ತದೆ. ಹಾಗೆ ಮಾಡದೆ ಜೋಲಾಗಿ ಬಿದ್ದಿದ್ದರೆ, ಕೈ ತುದಿ ಕರಗುತ್ತಿದ್ದರೆ ಉಳಿಯುವುದು ಕಷ್ಟ. ದೊಡ್ಡದಾಗಿದ್ದರೆ ಕೂಡಲೇ ಹೊರತೆಗೆಯಿರಿ. ಅದು ಕೊಳೆತರೆ ಅಮೋನಿಯ ಏರಿ ಉಳಿದ ಜೀವಗಳಿಗೂ ಕುತ್ತು.

ಸಂಖ್ಯೆ ಮಿತಿಮೀರಿದರೆ ಪಾಚಿಯೂ ಉಳಿದ ಆಹಾರವೂ ಜಾಸ್ತಿ ಇದೆ ಅಂತ ಅರ್ಥ. ಮೀನಿಗೆ ಹಾಕುವುದನ್ನು ಕಡಿಮೆ ಮಾಡಿ. ಹಾರ್ಲೆಕ್ವಿನ್ ಸಿಗಡಿ ತಂದರೆ ಎಲ್ಲವನ್ನೂ ತಿಂದು ಮುಗಿಸುತ್ತದೆ ನಿಜ. ಆದರೆ ಅದರ ಊಟವೇ ನಕ್ಷತ್ರಮೀನು. ಇವು ಮುಗಿದ ಮೇಲೆ ಅದನ್ನು ಸಾಕುವುದು ಹೇಗೆ ಅಂತ ಯೋಚಿಸದೆ ತರುವುದು ಅನ್ಯಾಯ. ಚಿಮುಟದಲ್ಲಿ ಇಡಿಯಾಗಿ ಎತ್ತಿ ಸಂಪ್‌ಗೆ (ಟ್ಯಾಂಕಿಗೆ ಜೋಡಿಸಿದ, ಫಿಲ್ಟರ್ ಇರುವ ಇನ್ನೊಂದು ತೊಟ್ಟಿ) ಹಾಕುವುದು ನನಗೆ ಒಪ್ಪಿಗೆಯಾದ ದಾರಿ. ಅಲ್ಲಿ ಹವಳ ಇಲ್ಲ, ಪಾಚಿ ಇದೆ. ಸಮುದ್ರಕ್ಕೋ ಹೊಳೆಗೋ ಮಾತ್ರ ಬಿಡಬೇಡಿ. ಅವು ಯಾವ ದೇಶದ ರೀಫ್‌ನಿಂದ ಕಲ್ಲಿಗಂಟಿ ಬಂದವೋ, ಜೊತೆಗೆ ಯಾವ ರೋಗ ತಂದಿವೆಯೋ ನಮಗೆ ತಿಳಿಯುವ ದಾರಿಯಿಲ್ಲ. ಅದರಲ್ಲೂ ಒಂದೇ ಇದ್ದರೂ ಎರಡಾಗಬಲ್ಲ ಪ್ರಾಣಿ ಅದು.