ಆಕಾಶದಲ್ಲಿ ಸರಿ, ನೆಲದ ಮೇಲೆ ಇನ್ನೂ ಇಲ್ಲ

2018ರ ಫೆಬ್ರವರಿಯಲ್ಲಿ ವಾಯುಪಡೆಯ ಅಧಿಕಾರಿ ಅವನಿ ಚತುರ್ವೇದಿ ಜಾಮ್‌ನಗರದಿಂದ ಮಿಗ್-21 ಬೈಸನ್ ಯುದ್ಧವಿಮಾನವನ್ನು ಒಬ್ಬರೇ ಹಾರಿಸಿದರು. ಅದಕ್ಕೂ ಮುಂಚೆ ಹಾಕ್ ತರಬೇತಿ ಜೆಟ್‌ಗಳಲ್ಲಿ ಅವರು ಪಳಗಿದ್ದು ನಮ್ಮ ಬೀದರ್‌ನಲ್ಲಿ. ಆದರೆ ಭೂಸೇನೆಯ ಪದಾತಿದಳ, ಟ್ಯಾಂಕ್ ದಳಗಳು ಹೆಣ್ಣುಮಕ್ಕಳಿಗೆ ತೆರೆದಿಲ್ಲ. ಮೇಲಿಂದ ಬಾಂಬ್ ಹಾಕಬಹುದಂತೆ, ಬಂದೂಕು ಹಿಡಿದು ಗಡಿಯಲ್ಲಿ ನಡೆಯುವ ಹಾಗಿಲ್ಲ!

ಇದರ ಬೇರು 1950ರ ಸೇನಾ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳನ್ನು ಬಿಟ್ಟರೆ ಬೇರೆಲ್ಲೂ ಮಹಿಳೆಗೆ ಸೇರುವ ಅರ್ಹತೆ ಇಲ್ಲ ಎನ್ನುತ್ತದೆ ಅದು. ಅಂದರೆ ಬಾಗಿಲು ಹಾಕಿರುವುದೇ ನಿಯಮ. ಆ ಕಾಯ್ದೆಗೂ ಏಳು ವರ್ಷ ಹಿಂದೆ, 1943ರಲ್ಲಿ, ಸಿಂಗಪುರದಲ್ಲಿ ನೇತಾಜಿ ಕಟ್ಟಿದ ಝಾನ್ಸಿ ರಾಣಿ ರೆಜಿಮೆಂಟಿನಲ್ಲಿ ಮಲಯದ ರಬ್ಬರ್ ತೋಟಗಳ ಕೂಲಿ ಹೆಣ್ಣುಮಕ್ಕಳು ರೈಫಲ್ ಕಲಿತಿದ್ದರು. ಕಾಯ್ದೆ ಬರೆದವರಿಗೆ ಅದು ನೆನಪಾಗಲಿಲ್ಲವೋ, ಬೇಡವಾಯಿತೋ.

ವೈದ್ಯೆಯರು, ದಾದಿಯರನ್ನು ಬಿಟ್ಟು ಉಳಿದವರಿಗೆ ದಾರಿಯಾದದ್ದು 1992ರಲ್ಲಿ, ಅದೂ ಐದು ವರ್ಷದ ಕರಾರಿನ ಮೇಲೆ. ಮುಂದೆ ಅದು ಹಿಗ್ಗುತ್ತ 14 ವರ್ಷಕ್ಕೆ ನಿಂತಿತು. ಪಿಂಚಣಿಗೆ ಬೇಕಾದದ್ದು 20! ನಲವತ್ತರ ಹತ್ತಿರ ಬಂದ ಅಧಿಕಾರಿ ಪಿಂಚಣಿಯಿಲ್ಲದೆ ಮನೆಗೆ ಹೋಗಬೇಕಿತ್ತು. ಕೋರ್ಟ್ ಮೆಟ್ಟಿಲು ಹತ್ತಿಸಿದ್ದು ಈ ಲೆಕ್ಕವೇ, ಯುದ್ಧಕ್ಕೆ ಹೋಗುವ ಹಟವಲ್ಲ. ಚರ್ಚೆಗಳಲ್ಲಿ ಇವೆರಡನ್ನೂ ಕಲಸಿಬಿಡುತ್ತೇವೆ.

2003ರಲ್ಲಿ ವಕೀಲೆ ಬಬಿತಾ ಪುನಿಯಾ ಮಹಿಳಾ ಅಧಿಕಾರಿಗಳಿಗೆ ಕಾಯಂ ಹುದ್ದೆ ಕೇಳಿ ದೆಹಲಿ ಹೈಕೋರ್ಟಿಗೆ ಹೋದರು. 2010ರಲ್ಲಿ ಅಲ್ಲಿ ಗೆಲುವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಹಳ್ಳಿಗಳಿಂದ ಬಂದ ಜವಾನರು ಮಹಿಳೆಯ ಆಜ್ಞೆ ಒಪ್ಪಲು ಮಾನಸಿಕವಾಗಿ ಇನ್ನೂ ಸಿದ್ಧರಿಲ್ಲ ಎಂಬುದು ಅಲ್ಲಿ ಸರ್ಕಾರ ಕೊಟ್ಟ ಕಾರಣಗಳಲ್ಲೊಂದು. ಅಮ್ಮನ ಮಾತು ಮೀರದೆ ಬೆಳೆದ ಹಳ್ಳಿ ಹುಡುಗರ ಬಗ್ಗೆ ದೆಹಲಿಯ ಈ ಅಂದಾಜು ನನಗೆ ಇಂದಿಗೂ ಸೋಜಿಗ. 2020ರ ಫೆಬ್ರವರಿ 17ರಂದು ಕೋರ್ಟ್ ಆ ವಾದ ತಳ್ಳಿಹಾಕಿತು. ಕಾಯಂ ಹುದ್ದೆಯೂ ಸಿಕ್ಕಿತು, ತುಕಡಿಯ ನಾಯಕತ್ವದ ಹಾದಿಯೂ ತೆರೆಯಿತು. ಆದರೆ ಯುದ್ಧದಳಗಳ ವಿಷಯ ಸರ್ಕಾರದ ನೀತಿಗೆ ಸೇರಿದ್ದು ಎಂದು ಅದನ್ನು ಮುಟ್ಟಲಿಲ್ಲ.

ಆಮೇಲೆ ಬದಲಾವಣೆಗಳು ಬೇಗಬೇಗ ಬಂದವು. 2021ರ ಮೇನಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳೆಯರು ಹೊರಬಂದರು. ಅಧಿಕಾರಿಗಳಾಗಿ ಅಲ್ಲ, ಜವಾನರಾಗಿ. ಹಾಗೆ ಬಂದವರಲ್ಲಿ ಅವರೇ ಮೊದಲಿಗರು. 2023ರಲ್ಲಿ ಐವರು ಮಹಿಳಾ ಅಧಿಕಾರಿಗಳು ಫಿರಂಗಿದಳ ಸೇರಿದರು.

ದೈಹಿಕ ಸಾಮರ್ಥ್ಯದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಿಮದಲ್ಲಿ ಭಾರ ಹೊತ್ತು ದಿನಗಟ್ಟಲೆ ನಡೆಯುವುದು ಆಟವಲ್ಲ. ಹಾಗಾದರೆ ಎಲ್ಲರಿಗೂ ಒಂದೇ ಪರೀಕ್ಷೆ ಇಡಬೇಕು. ಈಗಿನ ನಿಷೇಧ ಪರೀಕ್ಷೆಗೇ ಬಿಡುವುದಿಲ್ಲ.

2022ರಲ್ಲಿ 19 ಹುಡುಗಿಯರು ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಖಡಕ್‌ವಾಸ್ಲಾದ ಎನ್‌ಡಿಎ ಅಕಾಡೆಮಿ ಸೇರಿದ್ದರು. 2025ರ ಮೇ 30ರಂದು ಅವರಲ್ಲಿ 17 ಮಂದಿ ತೇರ್ಗಡೆಯಾಗಿ ಹೊರಬಂದರು. ಮೂರು ವರ್ಷ ಅದೇ ಮೈದಾನದಲ್ಲಿ ಜೊತೆಗೆ ಓಡಿದ ಹುಡುಗರು ಪದಾತಿದಳ ಕೇಳಬಹುದು. ಇವರಿಗೆ ಆ ಆಯ್ಕೆ ಇಲ್ಲ.