ಹೊಟ್ಟೆಯ ಎಂಆರ್‌ಐ ಬೇಗ ಮುಗಿದರಷ್ಟೇ ಸಾಲದು

"ಉಸಿರು ಎಳ್ಕೊಳಿ... ಬಿಡಿ... ಹಂಗೇ ಹಿಡ್ಕೊಳಿ." ಮೈಸೂರಿನ ಸ್ಕ್ಯಾನಿಂಗ್ ಕೊಠಡಿಗಳಲ್ಲಿ ಹೊಟ್ಟೆಯ ಎಂಆರ್‌ಐ ನಡೆಯುವಾಗ ಮೈಕಿನಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತದೆ. ಉಸಿರು ಹಿಡಿಯಬೇಕಾದ್ದು 15ರಿಂದ 20 ಸೆಕೆಂಡು. ನಾಗಮಂಗಲದಿಂದ ಬೆಳಗಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದ ಎಪ್ಪತ್ತರ ಅಜ್ಜಿಗೆ, ಅದರಲ್ಲೂ ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಹತ್ತು ಸೆಕೆಂಡೂ ಕಷ್ಟ. ನಡುವೆ ಉಸಿರು ಬಿಟ್ಟರೆ ಲಿವರ್ ಒಂದೆರಡು ಸೆಂಟಿಮೀಟರ್ ಜಾರುತ್ತದೆ, ಚಿತ್ರದಲ್ಲಿ ಅದರ ಅಂಚು ಅಲೆಅಲೆಯಾಗಿ ಬೀಳುತ್ತದೆ. ಬೇರೆ ಹಂತವಾದರೆ ಇನ್ನೊಮ್ಮೆ ತೆಗೆಯಬಹುದು. ರಕ್ತನಾಳ ಎದ್ದು ಕಾಣಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಅಪಧಮನಿಗಳಲ್ಲಿ ಹರಿಯುವ ಹಂತ ಕೆಲವೇ ಸೆಕೆಂಡಿನದು, ಕೈತಪ್ಪಿದರೆ ಅವತ್ತಿಗೆ ಮುಗಿಯಿತು. ಈ ಹೊತ್ತು ಇಳಿಸಲು ಈಗ ಡೀಪ್ ಲರ್ನಿಂಗ್, ಅಂದರೆ ಸಾಕಷ್ಟು ಚಿತ್ರ ನೋಡಿ ಕಲಿತ ತಂತ್ರಾಂಶ, ಬಂದಿದೆ. ಅದು ಕೊಡುವ ಚಿತ್ರವನ್ನು ಎಷ್ಟು ನಂಬಬಹುದು ಎಂಬುದೇ ಪ್ರಶ್ನೆ.

ಎಂಆರ್‌ಐ ಕ್ಯಾಮೆರಾದ ಹಾಗೆ ಒಂದೇ ಏಟಿಗೆ ಚಿತ್ರ ಹಿಡಿಯುವುದಿಲ್ಲ. ಕೆ-ಸ್ಪೇಸ್ ಎಂಬ ದತ್ತಾಂಶವನ್ನು ಸಾಲು ಸಾಲಾಗಿ ತುಂಬಿ, ಆಮೇಲೆ ಲೆಕ್ಕ ಹಾಕಿ ಚಿತ್ರ ಮಾಡುತ್ತದೆ. ನಿಧಾನಕ್ಕೆ ಮೂಲ ಕಾರಣ ಇದೇ. 1977ರಲ್ಲಿ ರೇಮಂಡ್ ಡಮಾಡಿಯನ್ ತಂಡ ಮನುಷ್ಯನ ಎದೆಯ ಮೊದಲ ಚಿತ್ರ ತೆಗೆಯಲು ಐದು ಗಂಟೆಯ ಹತ್ತಿರ ಹಿಡಿಯಿತು. 1986ರಲ್ಲಿ ಯುರ್ಗೆನ್ ಹೆನ್ನಿಗ್ ಅವರ ವಿಧಾನ ಒಂದೇ ಪ್ರಚೋದನೆಯಲ್ಲಿ, ಅಂದರೆ ಒಮ್ಮೆ ಕಳಿಸಿದ ರೇಡಿಯೋ ಅಲೆಯಲ್ಲಿ, ಹಲವು ಸಾಲು ತುಂಬುವುದನ್ನು ಸಾಧ್ಯ ಮಾಡಿತು. 1999ರ ಸೆನ್ಸ್, 2002ರ ಗ್ರಾಪಾ ವಿಧಾನಗಳು ಕೆಲವು ಸಾಲುಗಳನ್ನೇ ಬಿಟ್ಟು, ಮೈಮೇಲೆ ಹೊದಿಸಿದ ಹಲವು ಕಾಯಿಲ್‌ಗಳ (ಸಂಕೇತ ಹಿಡಿಯುವ ಆಂಟೆನಾಗಳ) ಸಂಕೇತದಿಂದ ಆ ಕೊರತೆ ತುಂಬಿದವು. ಆದರೆ ಸಾಲು ಅರ್ಧಕ್ಕಿಳಿದರೆ, ಗದ್ದಲಕ್ಕೆ (ಚಿತ್ರ ಕೆಡಿಸುವ ಬೇಡದ ಚುಕ್ಕೆಗಳಿಗೆ) ಹೋಲಿಸಿದರೆ ಸಂಕೇತದ ಬಲ ಕನಿಷ್ಠ 1.4 ಪಟ್ಟು ಕುಗ್ಗುತ್ತದೆ. ಕಾಯಿಲ್‌ಗಳಿಂದ ದೂರವಿರುವ ಹೊಟ್ಟೆಯ ನಡುಭಾಗದಲ್ಲಿ, ಅಂದರೆ ಮೇದೋಜೀರಕದ ಸುತ್ತ, ಮರಳು ಚೆಲ್ಲಿದಂತೆ ಕಾಣುವುದು ಅದಕ್ಕೇ. 2007ರಲ್ಲಿ ಬಂದ ಕಂಪ್ರೆಸ್ಡ್ ಸೆನ್ಸಿಂಗ್ ಇನ್ನೂ ಕಡಿಮೆ ಸಾಲಲ್ಲಿ ಕೆಲಸ ಮುಗಿಸಿತು. ಮಿತಿ ಮೀರಿ ಎಳೆದರೆ ಅದರ ಚಿತ್ರ ಹರಳೆಣ್ಣೆ ಬಳಿದ ಹಾಗೆ ನುಣ್ಣಗಾಗುತ್ತಿತ್ತು.

ಬಿಟ್ಟ ಸಾಲುಗಳ ಕೊರತೆ ತುಂಬುವ ಈ ಕೆಲಸಕ್ಕೆ ಡೀಪ್ ಲರ್ನಿಂಗ್ ಬಂದದ್ದು 2016ರ ಆಸುಪಾಸಿನಲ್ಲಿ. 2018ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ ಸೇರಿ ಫಾಸ್ಟ್‌ಎಂಆರ್‌ಐ ಹೆಸರಲ್ಲಿ ಮಂಡಿಯ ಸ್ಕ್ಯಾನ್‌ಗಳ ಕಚ್ಚಾ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟವು. ಮಂಡಿಯನ್ನು ಅಲುಗಾಡದಂತೆ ಹಿಡಿದಿಡಬಹುದು, ಹೊಟ್ಟೆಯನ್ನು ಆಗದು. ಹಾಗಾಗಿ ಮಂಡಿಯಲ್ಲಿ ಗೆದ್ದದ್ದನ್ನು ಲಿವರ್‌ಗೂ ಗೆಲುವೆಂದು ಒಪ್ಪಲಾಗದು. ಉಸಿರಿನ ಲಯಕ್ಕೆ ಹೊಂದಿಸಿ ನಾಲ್ಕೈದು ನಿಮಿಷ ತೆಗೆಯುತ್ತಿದ್ದ ಟಿ2 ಚಿತ್ರ (ನೀರಿನಂಶ ಬೆಳ್ಳಗೆ ಕಾಣುವಂಥದ್ದು) ಈಗ ಒಂದೆರಡು ಉಸಿರಿನಲ್ಲಿ ಸಿಗುತ್ತದೆ ಎನ್ನುವುದು ನಿಜ, ಅದು ರೋಗಿಗೆ ದೊಡ್ಡ ಉಪಕಾರವೂ ಹೌದು. ಆದರೆ ಹಳೆಯ ಚಿತ್ರ ಕೆಟ್ಟರೆ ಕೆಟ್ಟಂತೆ ಕಾಣುತ್ತಿತ್ತು, ಆ ಮರಳೇ ವೈದ್ಯರಿಗೆ ಎಚ್ಚರಿಕೆ. ಹೊಸ ಚಿತ್ರ ಅಚ್ಚುಕಟ್ಟಾಗಿ ಕಂಡೂ ತಪ್ಪಿರಬಹುದು. ಫಾಸ್ಟ್‌ಎಂಆರ್‌ಐನ 2020ರ ಮೆದುಳಿನ ಚಿತ್ರಗಳ ಸ್ಪರ್ಧೆಯಲ್ಲಿ, ಇಲ್ಲದ ರಚನೆಗಳು ಮೂಡಿದ್ದನ್ನು ರೇಡಿಯಾಲಜಿಸ್ಟ್‌ಗಳು ಗುರುತಿಸಿದರು.

ಆದ್ದರಿಂದ ಪರೀಕ್ಷೆ ಸರಿಯಾಗಿ ಆಗಬೇಕು. ಒಬ್ಬರೇ ರೋಗಿಗೆ ಒಂದೇ ಸಲದ ಸ್ಕ್ಯಾನ್‌ನಲ್ಲಿ ಹಳೆಯದೂ ಹೊಸದೂ, ಚಿತ್ರದ ಪ್ರತಿ ಪದರದ (ಸ್ಲೈಸ್) ದಪ್ಪ ಒಂದೇ ಇಟ್ಟು ತೆಗೆಯಬೇಕು. ಯಾವಾಗಲೂ ಹೊಸದನ್ನೇ ಕೊನೆಗೆ ತೆಗೆದರೆ ದಣಿದ ಉಸಿರಿನ ದೋಷ ಅದರ ತಲೆಗೆ ಬರುತ್ತದೆ, ಸರದಿ ಬದಲಿಸುತ್ತಿರಬೇಕು. ಹೆಸರು, ಸಮಯ ಅಳಿಸಿ, ಕಲಸಿ, ಇಬ್ಬರು ರೇಡಿಯಾಲಜಿಸ್ಟ್‌ಗಳು ಬೇರೆ ಬೇರೆ ಕೂತು 1ರಿಂದ 5ರವರೆಗೆ ಅಂಕ ಕೊಡುವುದು ವಾಡಿಕೆ. ಇಲ್ಲೊಂದು ತೊಡಕಿದೆ: ನುಣುಪು ನೋಡಿದ ಕೂಡಲೇ ಇದು ಹೊಸದೆಂದು ಅನುಭವಿ ಕಣ್ಣಿಗೆ ಗೊತ್ತಾಗಿಬಿಡುತ್ತದೆ, ಅಂಕ ಚೆಂದಕ್ಕೆ ಬೀಳುತ್ತದೆ. ಲಿವರ್ ಮೇಲೆ ವೃತ್ತ ಎಳೆದು ಅಳೆಯುವ ಸಂಕೇತ-ಗದ್ದಲದ ಅನುಪಾತವೂ ನೆಚ್ಚುವಂಥದ್ದಲ್ಲ. ಗದ್ದಲ ಒರೆಸುವುದೇ ಆ ತಂತ್ರಾಂಶದ ಕಸುಬು, ಅಂಕಿ ಏರಿಯೇ ಏರುತ್ತದೆ.

ಕೇಳಬೇಕಾದ್ದು ಬೇರೆ. ಒಂದು ಸೆಂಟಿಮೀಟರಿಗಿಂತ ಚಿಕ್ಕ, ಹೆಸರುಕಾಳಿನಷ್ಟು ಗಂಟು ಎರಡರಲ್ಲೂ ಕಾಣುತ್ತಿದೆಯೇ? ಅಂಗಾಂಶದಲ್ಲಿ ನೀರಿನ ಅಣುಗಳ ಚಲನೆ ತೋರಿಸುವ ಡಿಫ್ಯೂಷನ್ ಚಿತ್ರದಿಂದ ಬರುವ, ಆ ಚಲನೆಯ ಅಳತೆಯಾದ ಎಡಿಸಿ ಮೌಲ್ಯ ಕದಲಿದೆಯೇ? ಪಿತ್ತನಾಳದ ಸಣ್ಣ ಕವಲುಗಳು ಕೂಡಿಕೊಂಡಿಲ್ಲವಷ್ಟೆ? ನಡುವೆ ಬಿಟ್ಟ ಉಸಿರನ್ನು ಈ ತಂತ್ರಾಂಶ ಸರಿಪಡಿಸದು, ಅಲೆಯನ್ನೇ ರಚನೆಯೆಂದು ತಿದ್ದಿ ತೀಡಿಬಿಡಬಹುದು. ಹೊಸ ವಿಧಾನ ಶುರುವಾದ ಮೊದಲ ತಿಂಗಳುಗಳಲ್ಲಿ ಹಳೆಯ ಡಿಫ್ಯೂಷನ್ ಸರಣಿಯನ್ನು ಕೈಬಿಡಬಾರದು, ಡೀಪ್ ಲರ್ನಿಂಗ್ ಹಚ್ಚದ ಚಿತ್ರವನ್ನೂ ಜೊತೆಗೇ ಉಳಿಸಬೇಕು. ಒಂದರಲ್ಲಷ್ಟೇ ಕಂಡ ಗಂಟಿಗೆ, ರೋಗಿ ಇನ್ನೂ ಮೇಜಿನ ಮೇಲಿರುವಾಗಲೇ ಇನ್ನೊಂದು ಸರಣಿ ತೆಗೆಯಬೇಕು.